ಕ್ವಿಕ್ ರಿಲೀಸ್ ಲಿವರ್ ಗಟ್ಟಿಯಾಗಿ ಮುಚ್ಚಿದೆ ಎಂದರೆ ಚಕ್ರ ಭದ್ರವಾಗಿದೆ ಎಂದರ್ಥವೇ?

ನಿಧಾನಸವಾರ (ಪ್ರಶ್ನೆ):

ಬೇರೊಬ್ಬರು ಬಳಸಿದ ಸೈಕಲ್ಲೊಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದೆ, ಮತ್ತು ಎರಡೂ ಚಕ್ರಗಳು ಸ್ಪ್ಯಾನರಿನ ಗೊಡವೆಯಿಲ್ಲದೆ ಕ್ವಿಕ್ ರಿಲೀಸ್ ಲಿವರ್‌ನಿಂದಲೇ ಕಳಚಿಬರುತ್ತವೆ. ಇದುವರೆಗೆ ನಾನು ಓಡಿಸಿದ್ದೆಲ್ಲ ನಟ್ಟು ಬಿಗಿದ ಚಕ್ರಗಳ ಸೈಕಲ್ಲುಗಳನ್ನೇ ಆದ್ದರಿಂದ, ಬೆರಳುದ್ದದ ಒಂದು ಲಿವರ್ ಮುಂಚಕ್ರವನ್ನು ಹಿಡಿದಿಟ್ಟಿದೆ ಎಂಬುದನ್ನು ನಂಬಲು ಮನಸ್ಸು ಸುಲಭವಾಗಿ ಒಪ್ಪುತ್ತಿಲ್ಲ.

ನನ್ನ ಸಂದೇಹಗಳು ಮೂರು. ಮೊದಲನೆಯದು, ಲಿವರನ್ನು ಎಷ್ಟು ಬಿಗಿಯಬೇಕು ಎಂಬುದು. ಸೈಕಲ್ ಮಾರಿದವರು ಅದನ್ನು ಪ್ರದಕ್ಷಿಣವಾಗಿ ತಿರುಗಿಸುತ್ತ ಹೋಗಿ, ಇನ್ನು ತಿರುಗುವುದಿಲ್ಲ ಎನಿಸಿದಾಗ ಹಾಗೆಯೇ ಬಿಟ್ಟರು. ಪರಿಚಿತರೊಬ್ಬರು ಅದು ತಿರುಗಿಸುವ ವಸ್ತುವೇ ಅಲ್ಲ, ಮಡಚುವ ವಸ್ತು ಎನ್ನುತ್ತಾರೆ. ಎರಡನೆಯದು, ಫೋರ್ಕಿನ (ಮುಂಚಕ್ರವನ್ನು ಎರಡೂ ಬದಿ ಹಿಡಿದಿರುವ ಕವಲಿನ) ತುದಿಗಳಲ್ಲಿ ಹೊರಮೈಗೆ ಎದ್ದುನಿಂತ ಅಂಚುಗಳಿವೆ. ಲಿವರ್ ತೆರೆದರೂ ಅವುಗಳಿಂದಾಗಿ ಚಕ್ರ ಹೊರಬರುವುದಿಲ್ಲ. ಎದುರು ಬದಿಯ ನಟ್ಟನ್ನು ಇನ್ನಷ್ಟು ಸಡಿಲಿಸಬೇಕಾಗುತ್ತದೆ. ಅವನ್ನು ಅರದಿಂದ ಉಜ್ಜಿ ತೆಗೆದುಬಿಟ್ಟರೆ ಕೆಲಸ ಸಲೀಸು ಎಂದು ಒಬ್ಬರು ಸಲಹೆ ಕೊಟ್ಟರು. ಮೂರನೆಯದು, ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಮುಂಚಕ್ರ ಫೋರ್ಕಿನಿಂದ ಕಳಚಿಕೊಳ್ಳುವ ಸಾಧ್ಯತೆ ಇದೆ ಎಂದು ಎಲ್ಲೋ ಓದಿದ್ದೆ. ಇದರಲ್ಲಿ ಹುರುಳಿದೆಯೇ, ಅಥವಾ ಇದು ಬರಿಯ ಭಯವೇ?

ಕೀಲೆಣ್ಣೆ (ಉತ್ತರ):

ನಿಮ್ಮ ಪರಿಚಿತರು ಹೇಳಿದ್ದು ಸರಿ. ಮಾರಿದವರು ತೋರಿಸಿದ ಕ್ರಮ ಅಪಾಯಕಾರಿ. ದುರಸ್ತಿಗೆ ಬರುವ ಸೈಕಲ್ಲುಗಳಲ್ಲಿ ಲಿವರನ್ನು ಕಿವಿನಟ್ಟಿನಂತೆ ತಿರುಗಿಸಿ ಬಿಟ್ಟಿರುವುದನ್ನು ಆಗಾಗ ನೋಡುತ್ತಿರುತ್ತೇನೆ. ಹಾಗೆ ಬಿಗಿದ ಚಕ್ರ ನಿಂತಲ್ಲಿ ಅಲುಗಾಡದೆ ಇರಬಹುದು, ಆದರೆ ರಸ್ತೆಯ ಅದುರಾಟಕ್ಕೆ ಆ ಬಿಗಿ ಉಳಿಯುವುದಿಲ್ಲ.

ಒಳಗಿನ ರಚನೆ ಸರಳ. ಚಕ್ರದ ನಡುಭಾಗವಾದ ಹಬ್ಬಿನ ಆಕ್ಸಲ್ (ಚಕ್ರ ಸುತ್ತುವ ಅಡ್ಡದಂಡ) ಟೊಳ್ಳಾಗಿರುತ್ತದೆ. ಅದರೊಳಗೆ 5 ಮಿ.ಮೀ. ದಪ್ಪದ ಕಂಬಿಯೊಂದು ಹಾಯ್ದಿರುತ್ತದೆ. ಇದಕ್ಕೆ ಸ್ಕ್ಯೂಅರ್ ಎನ್ನುತ್ತಾರೆ. ಕಂಬಿಯ ಒಂದು ತುದಿಯಲ್ಲಿ ನಟ್ಟು, ಇನ್ನೊಂದು ತುದಿಯಲ್ಲಿ ಲಿವರ್. ಲಿವರಿನ ಬುಡದಲ್ಲಿ ಕೇಂದ್ರ ತಪ್ಪಿಸಿ ಕೂರಿಸಿದ ದುಂಡು ಕ್ಯಾಮ್ ಇದೆ. ಲಿವರನ್ನು ಮಡಚಿದಾಗ ಈ ಕ್ಯಾಮ್ ಕಂಬಿಯನ್ನು ಕೂದಲೆಳೆಯಷ್ಟು ಎಳೆದು ಹಿಗ್ಗಿಸುತ್ತದೆ, ಮತ್ತು ಹಿಗ್ಗಿದ ಕಂಬಿ ಮತ್ತೆ ಕುಗ್ಗಲು ನೋಡುವ ಆ ಸೆಳೆತವೇ ಫೋರ್ಕಿನ ತುದಿಗಳನ್ನು ಹಬ್ಬಿನ ಮೇಲೆ ಅದುಮಿ ಹಿಡಿಯುತ್ತದೆ. ಪೂರ್ತಿ ಮಡಚಿದಾಗ ಕ್ಯಾಮ್ ತನ್ನ ಅತ್ಯಂತ ಬಿಗಿಯಾದ ಬಿಂದುವನ್ನು ತುಸು ದಾಟಿ ನಿಲ್ಲುವುದರಿಂದ ಲಿವರ್ ತಾನಾಗಿ ತೆರೆದುಕೊಳ್ಳುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಈ ಲಾಭ ಸಿಗುವುದಿಲ್ಲ. ತಿರುಗಿಸಿ ಬಿಟ್ಟರಂತೂ ಕ್ಯಾಮ್ ಇದ್ದೂ ಇಲ್ಲದಂತೆ.

ಕ್ರಮ ಹೀಗಿರಲಿ: ಸೈಕಲ್ಲನ್ನು ನೆಲದ ಮೇಲೆ ಎರಡೂ ಚಕ್ರಗಳ ಮೇಲೆ ನಿಲ್ಲಿಸಿ, ಹ್ಯಾಂಡಲ್ಲಿನ ಮೇಲೆ ತುಸು ಭಾರ ಹಾಕಿ, ಆಕ್ಸಲ್ ಎರಡೂ ಕಡೆ ಫೋರ್ಕಿನ ಕಚ್ಚಿನ (ಆಕ್ಸಲ್ ಕೂರುವ ಸೀಳಿನ) ಮೇಲ್ತುದಿಗೆ ತಾಗಿ ಕುಳಿತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಸೈಕಲ್ಲನ್ನು ತಲೆಕೆಳಗಾಗಿಸಿ ಬಿಗಿಯುವವರು ತಪ್ಪುವುದು ಇಲ್ಲಿಯೇ. ಒಂದು ಬದಿ ಒಂದೆರಡು ಮಿ.ಮೀ. ಓರೆಯಾಗಿ ಕುಳಿತಿದ್ದರೂ ಲಿವರ್ ಗಟ್ಟಿಯಾಗಿಯೇ ಮುಚ್ಚುತ್ತದೆ. ಆಮೇಲೆ ಲಿವರನ್ನು ತೆರೆದ ಸ್ಥಿತಿಯಲ್ಲಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಎದುರಿನ ನಟ್ಟನ್ನು ತಿರುಗಿಸಿ. ಮಡಚಲು ಹೊರಟ ಲಿವರ್ ಅರ್ಧ ದಾರಿಯಲ್ಲಿ, ಅಂದರೆ ಆಕ್ಸಲಿನ ನೇರಕ್ಕೆ ಹೊರಗೆ ಚಾಚಿ ನಿಂತ ಹಂತದಲ್ಲಿ, ಪ್ರತಿರೋಧ ತೋರಲು ಆರಂಭಿಸಬೇಕು. ಅಲ್ಲಿಂದ ಮುಂದೆ ಬೆರಳುಗಳನ್ನು ಫೋರ್ಕಿಗೆ ಸುತ್ತಿ ಆಸರೆ ಪಡೆದು ಅಂಗೈಯಿಂದ ಒತ್ತಿ ಮುಚ್ಚಬೇಕು; ಮುಚ್ಚಿದ ಮೇಲೆ ಅಂಗೈಯಲ್ಲಿ ಲಿವರಿನ ಅಚ್ಚು ಮೂಡಿರಬೇಕು. ಒಂದೇ ಬೆರಳಿಗೆ ಮುಚ್ಚಿದರೆ ಸಡಿಲ. ಪೂರ್ತಿ ಮುಚ್ಚಲು ಸುತ್ತಿಗೆಯೋ ಪೈಪೋ ಬೇಕಾದರೆ ನಟ್ಟು ಅತಿಯಾಗಿ ಬಿಗಿದಿದೆ. ಕಾಲು ಸುತ್ತು ಬಿಚ್ಚಿ ಮತ್ತೆ ನೋಡಿ.

ಲಿವರ್ ಮುಚ್ಚಿದಾಗ ಮುಂದಕ್ಕೆ ಚಾಚಿಕೊಂಡಿರಬಾರದು. ಕೊಂಬೆಗೋ ಇನ್ನೊಂದು ಸೈಕಲ್ಲಿಗೋ ಸಿಕ್ಕಿ ತೆರೆದುಕೊಳ್ಳಬಹುದು. ಹಿಂದಕ್ಕೆ ಅಥವಾ ಫೋರ್ಕಿನ ಕಾಲಿನ ಗುಂಟ ಮೇಲಕ್ಕೆ ಇರಲಿ. ಕಂಬಿಯ ಎರಡೂ ಬದಿಯ ಶಂಕುವಿನಾಕಾರದ ಸ್ಪ್ರಿಂಗುಗಳ ಕಿರಿದಾದ ತುದಿ ಹಬ್ಬಿನ ಕಡೆಗಿರಬೇಕು. ಅವು ನಟ್ಟನ್ನೂ ಲಿವರನ್ನೂ ಸಮಾನ ದೂರದಲ್ಲಿಡಲಿಕ್ಕೆ ಇರುವವು, ಚಕ್ರವನ್ನು ಹಿಡಿಯಲಿಕ್ಕಲ್ಲ. ಆದರೆ ತಿರುಗಾಮುರುಗಾ ಹಾಕಿದರೆ ಸ್ಪ್ರಿಂಗಿನ ಸುರುಳಿಯೇ ನಡುವೆ ಸಿಕ್ಕಿಕೊಂಡು ಬಿಗಿಯನ್ನು ಕೆಡಿಸಬಹುದು.

ಅಂಚುಗಳನ್ನು ಅರದಿಂದ ಉಜ್ಜುವ ಮಾತನ್ನು ಮರೆತುಬಿಡಿ. ಲಿವರ್ ಹೇಗೋ ತೆರೆದುಕೊಂಡಾಗ ಚಕ್ರ ಒಮ್ಮೆಲೇ ಬೀಳದೆ ಅಲುಗಾಡಿ ಸದ್ದು ಮಾಡಿ ನಿಮ್ಮನ್ನು ಎಚ್ಚರಿಸುವಷ್ಟು ಹೊತ್ತು ಹಿಡಿದಿಡುವುದು ಆ ಅಂಚುಗಳೇ.

ಹಳೇಹ್ಯಾಂಡಲ್ (ಉತ್ತರ):

ಕೀಲೆಣ್ಣೆಯವರ ಕ್ರಮಕ್ಕೆ ನನ್ನ ಸಹಮತವಿದೆ, ಆದರೆ ಅಂಚುಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಈ ಲಿವರ್ ಹುಟ್ಟಿದ್ದೇ ಚಕ್ರವನ್ನು ಕ್ಷಣದಲ್ಲಿ ಕಳಚಲಿಕ್ಕೆ. ಇಟಲಿಯ ರೇಸ್ ಸವಾರ ಟುಲಿಯೊ ಕಂಪನ್ಯೋಲೊ 1927ರಲ್ಲಿ ಹಿಮ ಬಿದ್ದ ಕ್ರೋಚೆ ದ'ಔನೆ ಘಟ್ಟದ ಮೇಲೆ ಸೆಟೆದ ಬೆರಳುಗಳಿಂದ ಕಿವಿನಟ್ಟನ್ನು ಬಿಚ್ಚಲಾಗದೆ ರೇಸ್ ಸೋತರು, ಅದರಿಂದಲೇ ಈ ಉಪಾಯ ಹೊಳೆಯಿತು ಎಂಬ ಕಥೆ ಸೈಕಲ್ ಲೋಕದಲ್ಲಿ ಪ್ರಸಿದ್ಧ. ಕಥೆಯ ವಿವರಗಳನ್ನು ಪ್ರಶ್ನಿಸಿದವರೂ ಇದ್ದಾರೆ. ಅದೇನೇ ಇರಲಿ, 1933ರಲ್ಲಿ ವಿಚೆನ್ಸಾದಲ್ಲಿ ಅವರು ಆರಂಭಿಸಿದ ಕಂಪನಿಯ ಮೂಲಕ ಈ ಸಾಧನ ರೇಸ್ ಸೈಕಲ್ಲುಗಳಲ್ಲಿ ನೆಲೆಯೂರಿ ದಶಕಗಳ ಕಾಲ ಯಾವ ಅಂಚಿನ ಹಂಗೂ ಇಲ್ಲದೆ ಕೆಲಸ ಮಾಡಿತು. ಅಂಚುಗಳು ಬಂದದ್ದು ಮುಖ್ಯವಾಗಿ ತಯಾರಕರು ನ್ಯಾಯಾಲಯದ ದಾವೆಗಳಿಗೆ ಅಂಜಿದ್ದರಿಂದ. ಪ್ರತಿ ಸಲ ನಟ್ಟನ್ನು ಹಲವು ಸುತ್ತು ಬಿಚ್ಚಿ, ಮತ್ತೆ ಬಿಗಿಯಬೇಕಾದಾಗ ಸರಿಯಾದ ಹೊಂದಾಣಿಕೆಯನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ತಪ್ಪಾಗುವ ಅವಕಾಶ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ. ಅಂಚಿಲ್ಲದ ಫೋರ್ಕಿನಲ್ಲಿ ಒಮ್ಮೆ ಸರಿಹೊಂದಿಸಿದ ನಟ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಬಲರೇಖೆ (ಉತ್ತರ):

ಹಳೇಹ್ಯಾಂಡಲ್ ಅವರ ವಾದ ರಿಮ್ ಬ್ರೇಕಿನ ಸೈಕಲ್ಲುಗಳ ಮಟ್ಟಿಗೆ ತೂಕವುಳ್ಳದ್ದು. ನಟ್ಟನ್ನು ಪದೇಪದೇ ಬಿಚ್ಚುವುದರಿಂದ ಹೊಂದಾಣಿಕೆ ತಪ್ಪುತ್ತದೆ ಎಂಬುದು ನಿಜ. ಆದರೆ ಪ್ರಶ್ನೆ ಕೇಳಿದವರದು ಡಿಸ್ಕ್ ಬ್ರೇಕಿನ ಸೈಕಲ್ಲು, ಮತ್ತು ಅಲ್ಲಿ ಲೆಕ್ಕವೇ ಬೇರೆ. ಅವರ ಮೂರನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ರಿಮ್ ಬ್ರೇಕಿನ ಪ್ಯಾಡುಗಳು ಚಕ್ರದ ಮೇಲ್ಭಾಗದ ಹತ್ತಿರ ರಿಮ್ಮನ್ನು ಹಿಡಿದು ಹೆಚ್ಚುಕಡಿಮೆ ಹಿಂದಕ್ಕೆ ತಳ್ಳುತ್ತವೆ. ಫೋರ್ಕಿನ ಕಚ್ಚು ಕೆಳಕ್ಕೆ ತೆರೆದುಕೊಂಡಿರುವುದರಿಂದ ಈ ಬಲ ಚಕ್ರವನ್ನು ಹೊರಹಾಕಲು ನೆರವಾಗುವುದಿಲ್ಲ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದಿರುವ ಭಾಗ) ಸಾಮಾನ್ಯವಾಗಿ ಫೋರ್ಕಿನ ಎಡಗಾಲಿನ ಹಿಂಬದಿಯಲ್ಲಿರುತ್ತದೆ. ಸೈಕಲ್ ಮುಂದೆ ಚಲಿಸುವಾಗ ಡಿಸ್ಕಿನ ಹಿಂಭಾಗ ಮೇಲ್ಮುಖವಾಗಿ ಸುತ್ತುತ್ತಿರುತ್ತದೆ. ಪ್ಯಾಡುಗಳು ಅದನ್ನು ತಡೆದಾಗ ಡಿಸ್ಕಿನ ಮೇಲೆ, ಹಾಗಾಗಿ ಆಕ್ಸಲಿನ ಮೇಲೆ, ಕೆಳಮುಖವಾದ ಬಲ ಬೀಳುತ್ತದೆ. ಕಚ್ಚು ತೆರೆದುಕೊಂಡಿರುವುದೂ ಅದೇ ದಿಕ್ಕಿಗೆ.

ಬಲ ಎಷ್ಟೆಂದು ನೋಡೋಣ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 90 ಕಿಲೋ ಇದ್ದು, ಜೋರಾಗಿ ಬ್ರೇಕ್ ಹಿಡಿದು ವೇಗವನ್ನು ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ ಸುಮಾರು 5 ಮೀಟರಿನಷ್ಟು ಇಳಿಸುತ್ತಿದ್ದಾರೆ ಎಂದುಕೊಂಡರೆ, ಟೈರು ನೆಲವನ್ನು ಮುಟ್ಟುವಲ್ಲಿ ಸುಮಾರು 450 ನ್ಯೂಟನ್ ಬಲ ಬೇಕು. ಚಕ್ರದ ತ್ರಿಜ್ಯ ಸುಮಾರು 340 ಮಿ.ಮೀ.; 160 ಮಿ.ಮೀ. ವ್ಯಾಸದ ರೋಟರಿನಲ್ಲಿ, ಅಂದರೆ ಡಿಸ್ಕಿನಲ್ಲಿ, ಪ್ಯಾಡು ಹಿಡಿಯುವ ಜಾಗ ಕೇಂದ್ರದಿಂದ ಸುಮಾರು 75 ಮಿ.ಮೀ. ದೂರ. ಅಷ್ಟು ಚಿಕ್ಕ ತ್ರಿಜ್ಯದಲ್ಲಿ ಅದೇ ತಿರುಚುಬಲ ಹುಟ್ಟಬೇಕಾದರೆ ಪ್ಯಾಡಿನ ಬಲ ನಾಲ್ಕೂವರೆ ಪಟ್ಟು, ಅಂದರೆ 2,000 ನ್ಯೂಟನ್ ಆಸುಪಾಸು ಇರಬೇಕು. ಇದಕ್ಕೆ ಎದುರಾಗಿ ಸವಾರನ ಭಾರವೇ ಫೋರ್ಕನ್ನು ಆಕ್ಸಲಿನ ಮೇಲೆ ಕೂರಿಸುತ್ತಿರುತ್ತದೆ ಎಂಬುದು ನಿಜ. ಆದರೆ ಆ ಭಾರ ಎರಡು ತುದಿಗಳಿಗೆ ಹಂಚಿಹೋಗುತ್ತದೆ. ಪ್ಯಾಡಿನ ಬಲವಾದರೋ ಬಹುಪಾಲು ಎಡತುದಿಯ ಮೇಲೆಯೇ ಬೀಳುತ್ತದೆ. ಕ್ಯಾಲಿಪರಿನ ಮತ್ತು ಕಚ್ಚಿನ ಓರೆಯನ್ನು ಲೆಕ್ಕಕ್ಕೆ ಹಿಡಿದು ಒಂದಿಷ್ಟು ಕಳೆದರೂ, ಎಡತುದಿಯಲ್ಲಿ ಆಕ್ಸಲನ್ನು ಹೊರಕ್ಕೆ ತಳ್ಳುವ ಬಲ 1,000 ನ್ಯೂಟನ್ ದಾಟುತ್ತದೆ. ನೂರು ಕಿಲೋ ಭಾರವನ್ನು ಅಲ್ಲಿಗೆ ನೇತುಹಾಕಿದಷ್ಟಾಯಿತು. ಬ್ರೇಕ್ ಹಿಡಿದು ಬಿಟ್ಟಂತೆಲ್ಲ ಈ ಬಲ ಬಂದು ಹೋಗುತ್ತಿರುವುದರಿಂದ, ಬಿಗಿ ಕಡಿಮೆ ಇದ್ದಲ್ಲಿ ಆಕ್ಸಲ್ ಕಚ್ಚಿನಲ್ಲಿ ಕಣ್ಣಿಗೆ ಕಾಣದಷ್ಟು ಜಾರಾಡಿ, ನಟ್ಟು ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುವ ಸಂಭವವೂ ಇದೆ. 2003ರಲ್ಲಿ ಜೇಮ್ಸ್ ಆನನ್ ಎಂಬ ವಿಜ್ಞಾನಿ ಈ ಲೆಕ್ಕವನ್ನು ಸಾರ್ವಜನಿಕವಾಗಿ ಮುಂದಿಟ್ಟಾಗ ಸೈಕಲ್ ವಲಯದಲ್ಲಿ ಸಾಕಷ್ಟು ಚರ್ಚೆಯಾಯಿತು.

ಹಾಗೆಂದು ಡಿಸ್ಕ್ ಬ್ರೇಕಿನ ಜೊತೆಗಿರುವ ಪ್ರತಿ ಕ್ವಿಕ್ ರಿಲೀಸೂ ಅಪಾಯ ಎಂದು ಹೇಳುತ್ತಿಲ್ಲ. ಸೈಕಲ್ ಸುರಕ್ಷತೆಯ ಐಎಸ್‌ಒ 4210 ಮಾನದಂಡದ ಪರೀಕ್ಷೆಯಲ್ಲಿ, ಬಿಗಿದ ಮುಂಚಕ್ರದ ಆಕ್ಸಲಿನ ಮೇಲೆ ಕಳಚುವ ದಿಕ್ಕಿನಲ್ಲಿ 2,300 ನ್ಯೂಟನ್ ಬಲವನ್ನು ಎರಡೂ ತುದಿಗಳಿಗೆ ಸಮವಾಗಿ ಹಂಚಿ ಒಂದು ನಿಮಿಷ ಹಾಕಿದಾಗ ಆಕ್ಸಲ್ ಫೋರ್ಕಿನಲ್ಲಿ ಜರುಗಬಾರದು. ಸರಿಯಾಗಿ ಮುಚ್ಚಿದ ಒಳ್ಳೆಯ ಉಕ್ಕಿನ ಸ್ಕ್ಯೂಅರ್ ಬಲವನ್ನು ತಾಳುತ್ತದೆ. ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಅರೆಬಿಗಿಯೂ ಅನೇಕ ದಿನ ನಡೆದುಬಿಡುತ್ತದೆ. ಡಿಸ್ಕ್ ಬ್ರೇಕ್ ಆ ಅಜಾಗರೂಕತೆಯನ್ನು ಸಹಿಸುವುದಿಲ್ಲ. ಹಾಗಾಗಿ ಡಿಸ್ಕ್ ಬ್ರೇಕಿನ ಫೋರ್ಕಿನಲ್ಲಿ ಅಂಚುಗಳನ್ನು ಉಜ್ಜುವುದೆಂದರೆ ಉಳಿದಿರುವ ಕೊನೆಯ ಆಸರೆಯನ್ನೂ ಕಿತ್ತಂತೆ. ಹಳೇಹ್ಯಾಂಡಲ್ ಅವರೂ ಇದನ್ನು ಒಪ್ಪುತ್ತಾರೆಂದು ಭಾವಿಸುತ್ತೇನೆ.

ಇನ್ನೊಂದು ವಿಷಯ. ಡಿಸ್ಕ್ ಇರುವ ಬದಿಯಲ್ಲೇ ಲಿವರ್ ಕೂಡ ಇದ್ದರೆ, ಲಿವರನ್ನು ಪೂರ್ತಿ ತೆರೆದು ಅದು ರೋಟರಿನ ಕಡೆಗೆ ಎಷ್ಟು ದೂರ ಬರುತ್ತದೆ ಎಂದು ಪರೀಕ್ಷಿಸಿ. 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು ಹತ್ತು ಲಕ್ಷ ಸೈಕಲ್ಲುಗಳ ಲಿವರುಗಳನ್ನು ಬದಲಿಸಿಕೊಡಲು ಹಿಂದಕ್ಕೆ ಕರೆಯಿತು. ಕೆಲವು ಲಿವರುಗಳು 180 ಡಿಗ್ರಿಗಿಂತ ಹೆಚ್ಚು ತೆರೆದುಕೊಂಡು ತಿರುಗುವ ರೋಟರಿಗೆ ಸಿಕ್ಕಿ ಚಕ್ರ ಹಠಾತ್ತನೆ ನಿಲ್ಲುವ, ಇಲ್ಲವೇ ಫೋರ್ಕಿನಿಂದ ಬೇರ್ಪಡುವ ಅಪಾಯವಿದ್ದುದೇ ಕಾರಣ. ಅದೇ ವರ್ಷ ಇನ್ನೂ ಹದಿಮೂರು ತಯಾರಕರು ಮತ್ತು ವಿತರಕರು ಇದೇ ಕ್ರಮ ಕೈಗೊಂಡರು. ಆಗ ಸೂಚಿಸಿದ ಪರೀಕ್ಷೆ ಯಾರೂ ಮಾಡಬಹುದಾದದ್ದು: ಪೂರ್ತಿ ತೆರೆದ ಲಿವರಿಗೂ ರೋಟರಿಗೂ ನಡುವೆ ಸಾಮಾನ್ಯ ಪೆನ್ಸಿಲ್ಲಿನಷ್ಟು, ಅಂದರೆ 6 ಮಿ.ಮೀ. ಜಾಗವಿಲ್ಲದಿದ್ದರೆ ಆ ಲಿವರನ್ನು ಬಳಸಬಾರದು. ನಿಮ್ಮದು ಬಳಸಿದ ಸೈಕಲ್ಲಾದ್ದರಿಂದ ಇದನ್ನು ನೋಡಲೇಬೇಕು. ಲಿವರ್ ಯಾವ ಕಾಲದ್ದು, ಯಾರು ಬದಲಿಸಿದರು ಎಂಬುದು ನಿಮಗೆ ತಿಳಿದಿರುವುದಿಲ್ಲ.

ಹಳೇಹ್ಯಾಂಡಲ್ (ಉತ್ತರ):

ಡಿಸ್ಕ್ ಬ್ರೇಕಿನ ಫೋರ್ಕಿನ ಅಂಚುಗಳನ್ನು ಮುಟ್ಟಬಾರದು ಎಂಬುದನ್ನು ಒಪ್ಪುತ್ತೇನೆ. ನನ್ನ ಮಾತು ರಿಮ್ ಬ್ರೇಕಿನ ಹಳೆಯ ಸೈಕಲ್ಲುಗಳಿಗೆ ಸೀಮಿತ. ಕಾರ್ಬನ್ ಫೋರ್ಕಿನಲ್ಲಂತೂ ಉಜ್ಜುವ ಕೆಲಸ ಯಾವ ಕಾರಣಕ್ಕೂ ಬೇಡ, ಎಳೆಗಳೇ ಕತ್ತರಿಸಿಹೋಗುತ್ತವೆ.

ನಿಧಾನಸವಾರ (ಮರುಪ್ರಶ್ನೆ):

ಎಲ್ಲರಿಗೂ ಧನ್ಯವಾದಗಳು. ಕೀಲೆಣ್ಣೆಯವರು ಹೇಳಿದ ಕ್ರಮದಲ್ಲಿಯೇ ಮುಚ್ಚಿ ನೋಡಿದೆ. ಪೆನ್ಸಿಲ್ ಪರೀಕ್ಷೆಯಲ್ಲಿ ಲಿವರ್ ತೇರ್ಗಡೆಯಾಯಿತು. ಆದರೆ ಒಂದು ವಿಚಿತ್ರವಿದೆ: ಲಿವರ್ ಮುಚ್ಚಲು ಬಹಳ ಗಟ್ಟಿ, ಅಂಗೈ ನೋಯುವಷ್ಟು, ಆದರೂ ಚಕ್ರ ಕಳಚಿ ನೋಡಿದರೆ ಫೋರ್ಕಿನ ತುದಿಯ ಬಣ್ಣದ ಮೇಲೆ ನಟ್ಟು ಕಚ್ಚಿದ ಗುರುತು ಬಹಳ ಮಸುಕು. ಲಿವರಿನ ಬುಡದಲ್ಲಿ ಕ್ಯಾಮ್ ಹೊರಗೇ ಕಾಣುತ್ತದೆ, ಅದರಡಿಯಲ್ಲಿ ಸವೆದ ಕಪ್ಪು ಪ್ಲಾಸ್ಟಿಕ್ ತುಂಡೊಂದಿದೆ. ಇದು ಸಹಜವೇ?

ಕೀಲೆಣ್ಣೆ (ಉತ್ತರ):

ನಿಮ್ಮ ಮೊದಲ ಪ್ರಶ್ನೆಯ ನಿಜವಾದ ತೊಡಕು ಈಗ ಹೊರಬಿತ್ತು. ಲಿವರ್ ಗಟ್ಟಿಯಾಗಿದೆ ಎಂಬುದು ಕೈಗೆ ತಿಳಿಯುವ ಸಂಗತಿ. ಫೋರ್ಕನ್ನು ಎಷ್ಟು ಅದುಮಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ಎರಡರ ನಡುವೆ ಘರ್ಷಣೆ ಇದೆ. ಕ್ಯಾಮ್ ಒಣಗಿದ್ದರೆ ನೀವು ಹಾಕಿದ ಶ್ರಮದ ದೊಡ್ಡ ಪಾಲು ಅದನ್ನು ಉಜ್ಜಿ ಜಾರಿಸುವುದಕ್ಕೇ ಖರ್ಚಾಗಿ, ಕಂಬಿಯನ್ನು ಎಳೆಯಲು ಸ್ವಲ್ಪವೇ ಉಳಿಯುತ್ತದೆ.

ಕ್ವಿಕ್ ರಿಲೀಸ್‌ಗಳಲ್ಲಿ ಎರಡು ಜಾತಿ. ಒಳಕ್ಯಾಮಿನದರಲ್ಲಿ ಉಕ್ಕಿನ ಚಿಕ್ಕ ಕ್ಯಾಮ್ ಲೋಹದ ಗೂಡಿನೊಳಗೆ ಅಡಗಿರುತ್ತದೆ. ಧೂಳು, ಮಳೆನೀರು ತಾಗುವುದು ಕಡಿಮೆ, ಒಮ್ಮೆ ಹಾಕಿದ ಎಣ್ಣೆ ಬಹುಕಾಲ ನಿಲ್ಲುತ್ತದೆ, ಉಜ್ಜುವ ಮೇಲ್ಮೈಯ ತ್ರಿಜ್ಯ ಚಿಕ್ಕದಾದ್ದರಿಂದ ಘರ್ಷಣೆಗೆ ಹೋಗುವ ಪಾಲೂ ಚಿಕ್ಕದು. ಹೊರಕ್ಯಾಮಿನದರಲ್ಲಿ ಲಿವರೇ ದೊಡ್ಡ ಕ್ಯಾಮ್ ಆಗಿ ಬಾಗಿದ ಪ್ಲಾಸ್ಟಿಕ್ ಅಥವಾ ಲೋಹದ ತುಂಡಿನ ಮೇಲೆ ಬಯಲಲ್ಲೇ ಉಜ್ಜಾಡುತ್ತದೆ. ತೂಕ ಕಡಿಮೆ, ನೋಡಲು ನಯವಾಗಿರುತ್ತದೆ, ತಯಾರಿಕೆಯೂ ಅಗ್ಗ. ಆದರೆ ಅದೇ ಶ್ರಮಕ್ಕೆ ಸಿಗುವ ಬಿಗಿ ಕಡಿಮೆ. ನಿಮ್ಮದು ಎರಡನೆಯ ಜಾತಿಯದು, ಜೊತೆಗೆ ಸವೆದದ್ದು. ಕ್ಯಾಮಿಗೆ ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಹೊಂದಿಸಿ ನೋಡಿ. ಅದೇ ಶ್ರಮಕ್ಕೆ ನಟ್ಟನ್ನು ಇನ್ನೂ ಕಾಲು ಸುತ್ತು ಬಿಗಿಯಲು ಸಾಧ್ಯವಾಗಬಹುದು. ಎಣ್ಣೆ ರೋಟರಿಗೆ ತಾಗದಂತೆ ಎಚ್ಚರವಿರಲಿ. ಆದರೆ ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ನಾನಾದರೆ ಅದನ್ನು ತೆಗೆದುಹಾಕಿ, ಉಕ್ಕಿನ ಕಂಬಿಯ, ಹಲ್ಲುಹಲ್ಲಾದ ಉಕ್ಕಿನ ಮುಖವುಳ್ಳ ಒಳಕ್ಯಾಮ್ ಸ್ಕ್ಯೂಅರನ್ನೇ ಹಾಕುತ್ತೇನೆ. ಟೈಟೇನಿಯಮ್ ಕಂಬಿ ಹಗುರ, ಆದರೆ ಉಕ್ಕಿಗಿಂತ ಸುಲಭವಾಗಿ ಹಿಗ್ಗುತ್ತದೆ. ಈ ಜಾಗದಲ್ಲಿ ಕೆಲವು ಗ್ರಾಂ ಉಳಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಗುರುತಿನ ಬಗ್ಗೆ ನೀವು ಗಮನಿಸಿದ್ದು ಒಳ್ಳೆಯದಾಯಿತು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸೈಕಲ್ ನಿಯಮಗಳಲ್ಲಿಯೂ ಮುಚ್ಚಿದ ಕ್ವಿಕ್ ರಿಲೀಸ್ ಫೋರ್ಕಿನ ಮೇಲೆ ಒತ್ತುಗುರುತು ಮೂಡಿಸಬೇಕೆಂಬ ಮಾತಿದೆ. ಲೋಹದ ತುದಿಯಲ್ಲಿ ಹಲ್ಲುಗಳ ಅಚ್ಚು ಸ್ಪಷ್ಟವಾಗಿರಬೇಕು. ಅಚ್ಚಿನ ಬದಲು ಉಜ್ಜಿದ ಗೀರು ಕಂಡರೆ ಆಕ್ಸಲ್ ಜಾರುತ್ತಿದೆ ಎಂದು ತಿಳಿಯಿರಿ. ಇನ್ನೂ ಒಂದನ್ನು ನೋಡಿ: ಚಕ್ರವನ್ನು ಕೂರಿಸಿದಾಗ ಆಕ್ಸಲಿನ ತುದಿ ಫೋರ್ಕಿನ ಹೊರಮೈಗಿಂತ ಆಚೆ ಚಾಚಿರಬಾರದು. ಚಾಚಿದ್ದರೆ ನಟ್ಟು ಆಕ್ಸಲಿಗೇ ಒತ್ತಿ ನಿಲ್ಲುತ್ತದೆ. ಲಿವರ್ ಕಲ್ಲಿನಂತೆ ಗಟ್ಟಿಯಾದರೂ ಫೋರ್ಕಿಗೆ ಅದುಮು ಸಿಗುವುದೇ ಇಲ್ಲ.

ಕೊನೆಗೆ ಮುಂಭಾಗವನ್ನು ಎತ್ತಿ ಹಿಡಿದು ಟೈರಿನ ಮೇಲೆ ಮುಷ್ಟಿಯಿಂದ ಕೆಳಮುಖವಾಗಿ ಬಲವಾಗಿ ಗುದ್ದಿ. ಚಕ್ರ ಕದಲಬಾರದು. ಇದನ್ನು ಪ್ರತಿ ಸವಾರಿಗೆ ಮೊದಲು ಮಾಡಬಹುದು; ಸಾರ್ವಜನಿಕ ಜಾಗದಲ್ಲಿ ಸೈಕಲ್ ನಿಲ್ಲಿಸಿ ಹೋಗಿದ್ದರಂತೂ ಮಾಡಲೇಬೇಕು, ಏಕೆಂದರೆ ತಮಾಷೆಗೋ ಕಳವಿಗೋ ಯಾರಾದರೂ ಲಿವರನ್ನು ತೆರೆದಿಟ್ಟು ಹೋಗಿರಬಹುದು.

ನಿಧಾನಸವಾರ (ಮರುಪ್ರಶ್ನೆ):

ಸ್ಕ್ಯೂಅರನ್ನು ಬದಲಿಸುವುದೇ ಸರಿಯೆನಿಸುತ್ತಿದೆ. ಹೇಗೂ ಬದಲಿಸುವುದಾದರೆ ಥ್ರೂ ಆಕ್ಸಲ್‌ಗೇ ಹೋಗಬಹುದೇ? ಅಥವಾ ಲಿವರೇ ಇಲ್ಲದ, ಅಲೆನ್ ಕೀಯಿಂದ ಬಿಗಿಯುವ ಸ್ಕ್ಯೂಅರ್ ಹಾಕಿದರೆ ಹೇಗೆ?

ಬಲರೇಖೆ (ಉತ್ತರ):

ಥ್ರೂ ಆಕ್ಸಲ್ ತತ್ವತಃ ಉತ್ತಮ ಪರಿಹಾರ. ಅಲ್ಲಿ ಕೆಳಕ್ಕೆ ತೆರೆದ ಕಚ್ಚೇ ಇಲ್ಲ. ಫೋರ್ಕಿನ ತುದಿಯಲ್ಲಿ ಮುಚ್ಚಿದ ರಂಧ್ರವಿದ್ದು, 12, 15 ಅಥವಾ 20 ಮಿ.ಮೀ. ದಪ್ಪದ ಆಕ್ಸಲ್ ಅದರೊಳಗೆ ಹಾಯ್ದು ಎದುರು ಬದಿಯ ತಿರುಪಿಗೆ ಕೂಡಿಕೊಳ್ಳುತ್ತದೆ. ಬಿಗಿ ತುಸು ಸಡಿಲವಾದರೂ ಬ್ರೇಕಿನ ಬಲಕ್ಕೆ ಚಕ್ರ ಕೆಳಗೆ ಜಾರಲು ದಾರಿಯಿಲ್ಲ. ಆದರೆ ನಿಮ್ಮ ಈಗಿನ ಫೋರ್ಕಿಗೆ ಅದನ್ನು ಹಾಕಲಾಗುವುದಿಲ್ಲ: ಫೋರ್ಕು ಬದಲಾಗಬೇಕು, ಹಬ್ಬು ಹೊಂದದಿದ್ದರೆ ಅದೂ ಬದಲಾಗಬೇಕು. ಇರುವ ಸೈಕಲ್ಲಿಗೆ ಒಳ್ಳೆಯ ಸ್ಕ್ಯೂಅರ್ ಹಾಕಿ ಸರಿಯಾಗಿ ಮುಚ್ಚುವುದು ಸಾಕು. ಮುಂದೆ ಹೊಸ ಸೈಕಲ್ ಕೊಳ್ಳುವಾಗ ಡಿಸ್ಕ್ ಬ್ರೇಕ್ ಇದ್ದರೆ ಥ್ರೂ ಆಕ್ಸಲ್ ಇರುವುದನ್ನೇ ಆರಿಸಿ.

ಅಲೆನ್ ಕೀ ಸ್ಕ್ಯೂಅರಿನಲ್ಲಿ ಕ್ಯಾಮ್ ಇರುವುದಿಲ್ಲ, ಆದ್ದರಿಂದ ಮಧ್ಯಬಿಂದು ದಾಟಿ ತಾನೇ ಬಿಗಿದು ನಿಲ್ಲುವ ಗುಣವೂ ಇಲ್ಲ. ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚುಬಲಕ್ಕೆ) ಬಿಗಿದು ಆಗಾಗ ಪರೀಕ್ಷಿಸಬೇಕು. ದಾರಿಹೋಕರು ಬರಿಗೈಯಲ್ಲಿ ಬಿಚ್ಚಲಾರರು ಎಂಬುದು ಅದರ ಲಾಭ. ಸೈಕಲ್ಲನ್ನು ಹೊರಗೆ ಹೆಚ್ಚು ಹೊತ್ತು ನಿಲ್ಲಿಸುವವರಾದರೆ ಅದನ್ನು ಪರಿಗಣಿಸಬಹುದು, ಇಲ್ಲವಾದರೆ ಕೀಲೆಣ್ಣೆಯವರು ಹೇಳಿದ ಒಳಕ್ಯಾಮ್ ಸ್ಕ್ಯೂಅರೇ ಸಾಕು. ಕೊಳ್ಳುವಾಗ ಉದ್ದವನ್ನು ಗಮನಿಸಿ: ಮುಂಚಕ್ರದ ಹಬ್ಬು ಸಾಮಾನ್ಯವಾಗಿ 100 ಮಿ.ಮೀ., ಡಿಸ್ಕ್ ಬ್ರೇಕಿನ ಹಿಂಚಕ್ರದ್ದು ಹೆಚ್ಚಾಗಿ 135 ಮಿ.ಮೀ.; ಮುಚ್ಚಿದ ಮೇಲೆ ಕಂಬಿಯ ತಿರುಪು ನಟ್ಟಿನ ಉದ್ದಕ್ಕೂ ಹಿಡಿದಿರಬೇಕು, ಒಂದೆರಡು ಸುತ್ತು ಮಾತ್ರ ಹಿಡಿದಿದ್ದರೆ ಅದು ಗಿಡ್ಡವಾಯಿತೆಂದು ಅರ್ಥ. ಲಿವರನ್ನು ಯಾವ ಬದಿಗೆ ಇಡಬೇಕೆಂದು ಹೊಸದರ ಕೈಪಿಡಿಯಲ್ಲಿ ಓದಿ. ರೂಢಿಯಂತೆ ಎಡಬದಿಗೆ ಇಟ್ಟರೆ ರೋಟರ್ ಅದರ ಪಕ್ಕದಲ್ಲೇ ಇರುತ್ತದೆ; ಇಳಿಜಾರು ಇಳಿದ ಕೂಡಲೇ ಚಕ್ರ ಕಳಚಲು ಹೋದರೆ ಬಿಸಿ ರೋಟರ್ ಬೆರಳು ಸುಡುತ್ತದೆ. ತಯಾರಕರು ನಿಷೇಧಿಸದಿದ್ದರೆ ನಾನು ಬಲಬದಿಗೇ ಇಡುತ್ತೇನೆ.